ಒಂದು ಡೇರೆ, ಇಬ್ಬರು ಅಳಿಯಂದಿರು

ಮನುಷ್ಯನಿಗೆ ಕೆಲವು ಹೆಸರುಗಳು ದುಡಿದು ಬರುತ್ತವೆ, ಕೆಲವು ಸುಮ್ಮನೆ ಪಕ್ಕದಲ್ಲಿ ನಿಂತಿದ್ದಕ್ಕೇ ಬಂದು ಅಂಟಿಕೊಳ್ಳುತ್ತವೆ. ‘ವೈಜಿನಾಥ ಮಾಸ್ತರಿಗೆ ಕಂಪ್ಯೂಟರ್ ಬರುತ್ತದೆ’ ಎಂಬ ನನ್ನ ಖ್ಯಾತಿ ಎರಡನೆಯ ಜಾತಿಯದು. ನಾನು ಭಾಲ್ಕಿಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಮನೆ ಬೀದರಿನ ಮೈಲೂರಿನಲ್ಲಿ, ದಿನಾ ಬಸ್ಸಿನಲ್ಲಿ ಹೋಗಿ ಬರುವವನು. ಶಾಲೆಗೆ ಮೊದಲ ಸಲ ಕಂಪ್ಯೂಟರುಗಳು ಬಂದ ಮಧ್ಯಾಹ್ನ ಉಳಿದ ಮಾಸ್ತರರೆಲ್ಲ ಊರೊಳಗೆ ಒಂದು ಮದುವೆಯ ಊಟಕ್ಕೆ ಹೋಗಿದ್ದರು. ನನಗೆ ಆ ದಿನ ಹೊಟ್ಟೆ ಸರಿಯಿರಲಿಲ್ಲ. ಪೆಟ್ಟಿಗೆ ತಂದವರು ಯಾರ ಕೈಗಾದರೂ ಕೋಣೆಯ ಕೀಲಿ ಕೊಟ್ಟು ಹೋಗಬೇಕಲ್ಲ, ನನ್ನ ಕೈಗೆ ಕೊಟ್ಟು ಹೋದರು. ಅಂದಿನಿಂದ ಭಾಲ್ಕಿಯಲ್ಲಿ ಯಾರ ಮಗನ ಫಲಿತಾಂಶ ತೆರೆಯದಿದ್ದರೂ, ಯಾರ ಆಧಾರಿನಲ್ಲಿ ಹೆಸರು ತಪ್ಪಾಗಿದ್ದರೂ ನನ್ನ ಬಳಿ ಬರುತ್ತಾರೆ. ನಾನು ಕನ್ನಡಕ ಒರೆಸಿಕೊಂಡು, ಪರದೆಯನ್ನು ಗಂಭೀರವಾಗಿ ನೋಡಿ, ‘ಸರ್ವರ್ ಡೌನ್ ಅದ, ನಾಳಿ ಬರ್ರಿ’ ಎನ್ನುತ್ತೇನೆ. ಈ ಒಂದು ವಾಕ್ಯದ ಮೇಲೆ ಇಷ್ಟು ವರ್ಷ ನನ್ನ ಮರ್ಯಾದೆ ನಿಂತಿದೆ.

ಹೊರಗೆ ಸಂಪಾದಿಸಿದ ಇಂಥ ಕೀರ್ತಿ ಹೊರಗೇ ಇದ್ದರೆ ಚೆನ್ನ. ಆದರೆ ಅದು ಒಂದಲ್ಲ ಒಂದು ದಿನ ಚಪ್ಪಲಿ ಬಿಟ್ಟು ಮನೆಯೊಳಗೂ ಬರುತ್ತದೆ. ದಸರೆಯ ರಜೆಗೆ ಸ್ವಲ್ಪ ಮೊದಲು ಕಮಲನಗರದಿಂದ ನನ್ನ ಮಾವನವರು ಹೆಂಡತಿಗೆ ಫೋನು ಮಾಡಿದರು. ಮಾವನವರು ರೈಲ್ವೆಯ ಟಿಕೆಟ್ ಕಿಟಕಿಯ ಹಿಂದೆ ಕೂತು ನಿವೃತ್ತರಾದವರು. ಜೀವಮಾನವಿಡೀ ಜಗತ್ತನ್ನು ಒಂದು ಸಣ್ಣ ತೂತಿನಿಂದ ನೋಡಿದವರಿಗೆ ಮಾತು ಕಡಿಮೆ. ನಾನು ಹೆಣ್ಣು ನೋಡಲು ಹೋದಾಗಲೂ ಅವರು ನನ್ನನ್ನು ಕೇಳಿದ್ದು ‘ಎಲ್ಲಿಂದ ಬಂದ್ರಿ, ಎಷ್ಟು ಮಂದಿ ಇದ್ದೀರಿ’ ಎಂದಷ್ಟೇ. ಈಗ ಮಗ ಸೊಸೆ ಮೊಮ್ಮಕ್ಕಳ ಜೊತೆ ಇದ್ದಾರೆ. ಹೋದ ವರ್ಷ ಅತ್ತೆಯವರು ತೀರಿಕೊಂಡ ಮೇಲೆ ಆ ಕಡಿಮೆ ಮಾತೂ ನಿಂತುಹೋಗಿತ್ತು. ಅಂಥವರು ಫೋನು ಮಾಡಿ, ‘ಶಕ್ಕೂ, ಔರಾದ ಕಡಿ ಕೆರಿ ದಂಡಿಗಿ ಡೇರೆ ಹಾಕ್ಯಾರಂತ. ಮುಂಜಾನಿ ಚಿಗರಿ ಕಾಣ್ತಾವಂತ. ಒಂದ ಸಲ ನೋಡಬೇಕು ಅನಸ್ತದ. ದಸರಾದ ಮರುದಿನ ಆದ್ರ ಛಲೋ’ ಎಂದರಂತೆ. ಚಿಗರಿ ಎಂದರೆ ಪುಸ್ತಕದ ಕೃಷ್ಣಮೃಗ.

ನನ್ನ ಹೆಂಡತಿ ಶಕುಂತಲಾ ಫೋನು ಇಟ್ಟು ಸ್ವಲ್ಪ ಹೊತ್ತು ಸೆರಗಿನಿಂದ ಕಣ್ಣು ಒತ್ತಿಕೊಂಡಳು. ‘ಅವ್ವ ಹೋದ ಮ್ಯಾಲ ಅಪ್ಪ ಬಾಯಿ ಬಿಟ್ಟು ಏನೂ ಕೇಳಿದ್ದಿಲ್ಲ. ಅದೇನೋ ಆನ್‌ಲೈನ್ ಬುಕಿಂಗ್ ಇರ್ತದಂತ. ನಿಮಗ ಕಂಪ್ಯೂಟರ್ ಬರ್ತದಲ್ಲ, ಮಾಡಿಬಿಡ್ರಿ’ ಎಂದಳು. ಸರ್ವರ್ ಡೌನ್ ಎಂದು ಹೆಂಡತಿಗೆ ಹೇಳಲು ಬರುವುದಿಲ್ಲ, ನಾಳೆ ಮತ್ತೆ ಅವಳೇ ಎದುರಿಗಿರುತ್ತಾಳೆ. ಯಾರ್ಯಾರು ಹೋಗುವುದು ಎಂದು ಕೇಳಿದೆ. ‘ಅಪ್ಪ, ನಾನು, ನೀವು. ಮತ್ಯಾರು?’ ಎಂದಳು. ಆ ‘ಮತ್ಯಾರು’ ಎಂಬ ಮಾತಿನೊಳಗೆ ಅವಳ ತಂಗಿ ಮಂದಾಕಿನಿ ಇದ್ದಳು, ನನಗೆ ಗೊತ್ತಾಯಿತು.

ಮಂದಾಕಿನಿಯನ್ನು ಭಾಲ್ಕಿಗೇ ಕೊಟ್ಟಿದೆ. ಗಂಡ ದಿಗಂಬರನದು ಅಲ್ಲಿನ ಪೇಟೆಯಲ್ಲಿ ಬೀಜ ಗೊಬ್ಬರದ ಅಂಗಡಿ. ಅಕ್ಕ ತಂಗಿ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಕಾರಣ ಒಂದು ಸೀರೆ. ಶಕುಂತಲಾ ಒಂದು ದೀಪಾವಳಿಗೆ ಬೀದರಿನ ಅಂಗಡಿಗಳನ್ನೆಲ್ಲ ಸುತ್ತಿ, ನನ್ನನ್ನೂ ಸುತ್ತಿಸಿ, ತಂಗಿಗೆಂದು ಗಿಣಿಹಸಿರಿನ ಒಂದು ಸೀರೆ ತಂದಿದ್ದಳು. ತಾನೇ ಫಾಲ್ ಹಚ್ಚಿ ಕೊಟ್ಟಿದ್ದಳು. ಮುಂದೆ ಯಾವುದೋ ದೂರದ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋದಾಗ ಆ ಮನೆಯವರು ಅರಿಷಿಣ ಕುಂಕುಮ ಇಟ್ಟು ಅವಳ ಉಡಿಯಲ್ಲಿ ಒಂದು ಸೀರೆ ಹಾಕಿದರು. ಅದೇ ಗಿಣಿಹಸಿರು, ಅದೇ ಫಾಲ್, ಅದರ ಒಂದು ಮೂಲೆಯಲ್ಲಿ ಇವಳದೇ ಕೈಯ ವಕ್ರ ಹೊಲಿಗೆ. ನಮ್ಮ ಕಡೆ ಸೀರೆಗಳು ಹೀಗೆ ಊರಿಂದೂರಿಗೆ ತಿರುಗುವುದು ಹೊಸದೇನಲ್ಲ. ಕೆಲವು ಸೀರೆಗಳು ನನಗಿಂತ ಹೆಚ್ಚು ಮದುವೆಗಳನ್ನು ನೋಡಿವೆ. ಆದರೆ ಹೊರಟವರ ಮನೆಗೇ ತಿರುಗಿ ಬರುವ ಸೀರೆ ಅಪರೂಪ. ಶಕುಂತಲಾ ಅಲ್ಲಿ ನಗುತ್ತಲೇ ಎದ್ದಳು. ಮನೆಗೆ ಬಂದು ತಂಗಿಯ ನಂಬರನ್ನು ಅಳಿಸಲು ಫೋನನ್ನು ನನ್ನ ಕೈಗೆ ಕೊಟ್ಟಳು. ಕಂಪ್ಯೂಟರ್ ಬಲ್ಲವನಾದ್ದರಿಂದ ಆ ಕೆಲಸವೂ ನನ್ನದೇ. ಅತ್ತೆಯವರು ತೀರಿಕೊಂಡ ದಿನ ಸಹ ಅಕ್ಕ ತಂಗಿ ಅಂಗಳದ ಎರಡು ಮೂಲೆಯಲ್ಲಿ ಕೂತು ಬೇರೆ ಬೇರೆ ಅತ್ತರು. ಆ ದಿನ ಮಾವನವರು ಒಮ್ಮೆ ಈ ಮೂಲೆ, ಒಮ್ಮೆ ಆ ಮೂಲೆ ನೋಡುತ್ತಿದ್ದುದು ನನಗೆ ನೆನಪಿದೆ.

ಹೆಂಡತಿಯರು ಮಾತು ಬಿಟ್ಟರೆ ಗಂಡಂದಿರೂ ಬಿಡಬೇಕೆಂಬುದು ಸಂಸಾರದ ಕಾಯ್ದೆ. ಹೆಂಡತಿಯ ತಂಗಿಯ ಗಂಡನಿಗೆ ಪುಸ್ತಕದ ಕನ್ನಡದಲ್ಲಿ ಷಡ್ಡಕ ಎಂಬ ಒರಟು ಹೆಸರಿದೆ. ನಾವು ಮರಾಠಿಯವರಿಂದ ಎರವಲು ತಂದು ಸಾಡೂ ಎನ್ನುತ್ತೇವೆ, ಕೇಳಲು ಮೆದು. ನನಗೂ ಸಾಡೂಗೂ ಜಗಳವಾಡಲು ವಿಷಯವೇ ಇರಲಿಲ್ಲ. ಅವನ ಅಂಗಡಿ ನಾನು ಬಸ್ಸು ಇಳಿದು ಶಾಲೆಗೆ ಹೋಗುವ ದಾರಿಯಲ್ಲಿದೆ. ಮೊದಮೊದಲು ಕಾಯ್ದೆಯಂತೆ ಮುಖ ತಿರುಗಿಸಿ ಹೋದೆ. ಆಮೇಲೆ ಒಂದು ಮಳೆಗಾಲದ ಸಂಜೆ ಬಸ್‌ಸ್ಟ್ಯಾಂಡಿನ ಹಿಂದಿನ ಹೋಟೆಲಿನಲ್ಲಿ ಇಬ್ಬರೂ ಒಂದೇ ಬೆಂಚಿಗೆ ಸಿಕ್ಕಿಬಿದ್ದೆವು. ‘ಚಹಾ ಹೇಳ್ಲೇನ್ರಿ ಅಣ್ಣಾ?’ ಎಂದ. ಹೇಳು ಎಂದೆ. ಅಂದಿನಿಂದ ಶಾಲೆ ಇರುವ ಸಂಜೆಗಳಲ್ಲಿ ಒಂದೊಂದು ಕಪ್ಪು ಅಭ್ಯಾಸವಾಯಿತು. ಒಬ್ಬರು ಮುಂದಿನ ಬಾಗಿಲಿಂದ ಬರುವುದು, ಒಬ್ಬರು ಹಿಂದಿನ ಬಾಗಿಲಿಂದ ಹೋಗುವುದು. ಹರೆಯದಲ್ಲಿ ಯಾವ ಹುಡುಗಿಗಾಗಿಯೂ ನಾನು ಇಷ್ಟು ಎಚ್ಚರಿಕೆಯಿಂದ ನಡೆದವನಲ್ಲ. ಮಳೆ, ತೊಗರಿ, ನನ್ನ ಸಕ್ಕರೆ ಕಾಯಿಲೆ, ಅವನ ಮೊಣಕಾಲು, ಇಷ್ಟೇ ನಮ್ಮ ಮಾತು. ಸೀರೆಯ ಸುದ್ದಿಯನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಇರುವ ಒಂದು ಕಪ್ಪು ಚಹಾದಲ್ಲಿ ಅದನ್ನು ಯಾಕೆ ಅದ್ದಬೇಕು ಎಂದು.

ಬುಕಿಂಗಿಗೆ ಬರುತ್ತೇನೆ. ಆ ಡೇರೆಗಳ ತಾಣ ಯಾವುದೋ ಇಲಾಖೆಯದಂತೆ, ನಡೆಸುವವರು ಇನ್ಯಾರೋ ಗುತ್ತಿಗೆಯವರಂತೆ. ಹೆಸರು ಬೇಡ, ಅವರಿಗೂ ಮಕ್ಕಳು ಮರಿ ಇರುತ್ತವೆ. ಫೋನು ಮಾಡಿ ಕೇಳಿದರೆ ‘ಎಲ್ಲಾ ಆನ್‌ಲೈನ್ ರೀ’ ಎಂದರು. ಆನ್‌ಲೈನಿನಲ್ಲಿ ಹೋದರೆ ಮೊದಲ ಪುಟದಲ್ಲಿ ಒಂದು ಚಿಗರಿ ಎಗರುತ್ತಿತ್ತು. ಅದು ಎಗರಿ ಮುಗಿಯುವವರೆಗೆ ಬೇರೇನೂ ತೆರೆಯುವಂತಿರಲಿಲ್ಲ. ಡೇರೆಗಳಿಗೆಲ್ಲ ಗಿಡಗಳ ಹೆಸರು: ಆಲ, ಹುಣಸಿ, ಜಾಲಿ, ಬೇವು. ದಸರೆಯ ಮರುದಿನಕ್ಕೆ ಬೇವು ಒಂದೇ ಉಳಿದಿತ್ತು. ಸಂಖ್ಯೆ ಒತ್ತಿದರೆ ಬರಬೇಕಾದ ಓಟಿಪಿ ಬರಲಿಲ್ಲ. ಬಹಳ ಹೊತ್ತು ಹುಡುಕಿದ ಮೇಲೆ ಗೊತ್ತಾಯಿತು, ಅದು ಕಲಬುರಗಿಯ ಹಾಸ್ಟೆಲಿನಲ್ಲಿರುವ ನನ್ನ ಮಗಳ ಫೋನಿಗೆ ಹೋಗುತ್ತಿತ್ತು. ನನ್ನ ಕಂಪ್ಯೂಟರ್ ಜ್ಞಾನದ ಹಿಂದಿರುವ ಖಾತೆಗಳನ್ನೆಲ್ಲ ತೆರೆದುಕೊಟ್ಟವಳು ಅವಳೇ, ಇದು ನಮ್ಮಿಬ್ಬರ ನಡುವಿನ ಮಾತು. ಫೋನು ಮಾಡಿದರೆ ‘ಪಪ್ಪಾ, ಕ್ಲಾಸ್‌ದಾಗ ಇದ್ದೀನಿ’ ಎಂದು ಪಿಸುಗುಟ್ಟಿ, ಅಂಕಿಗಳನ್ನೂ ಪಿಸುಗುಟ್ಟಿದಳು. ನನಗೆ ಐದು ಏಳಾಗಿ ಕೇಳಿಸಿತು.

ಅದನ್ನು ದಾಟಿದ ಮೇಲೆ ಬಂದದ್ದು ಜನ್ಮದಿನ. ಬರುವವರೆಲ್ಲರ ಜನ್ಮದಿನ ಬೇಕಂತೆ. ಮಾವನವರದು ಸಮಸ್ಯೆಯೇ ಅಲ್ಲ, ಜೂನ್ ಒಂದು. ನಮ್ಮ ಕಡೆ ಒಂದು ಇಡೀ ತಲೆಮಾರು ಹುಟ್ಟಿದ್ದೇ ಜೂನ್ ಒಂದಕ್ಕೆ. ಶಾಲೆಗೆ ಹೆಸರು ಹಚ್ಚಲು ಬಂದ ಮಕ್ಕಳಿಗೆಲ್ಲ ಹೆಡ್‌ಮಾಸ್ತರರು ಒಂದೇ ತಾರೀಖು ಬರೆದುಕೊಂಡು ಕೆಲಸ ಹಗುರ ಮಾಡಿಕೊಂಡಿದ್ದರು. ವರ್ಷವೂ ಗೊತ್ತು, ನಿಜಾಮನ ಮೇಲೆ ಪೊಲೀಸ್ ಆಕ್ಷನ್ ಆದ ವರ್ಷ. ಆದರೆ ಅಂಕಿಯನ್ನು ಬರೆಯಲು ಯಂತ್ರ ಬಿಡಲಿಲ್ಲ. ಒಂದು ಕ್ಯಾಲೆಂಡರ್ ತೋರಿಸಿ, ಪಕ್ಕದ ಬಾಣ ಒತ್ತಿ ಹಿಂದೆ ಹೋಗು ಎಂದಿತು. ಒಂದು ಒತ್ತಿಗೆ ಒಂದು ತಿಂಗಳು ಮಾತ್ರ. ಒತ್ತುತ್ತಾ ಹೋದೆ. ಮಗಳು ಹುಟ್ಟಿದ ತಿಂಗಳು ದಾಟಿತು. ನನ್ನ ಮದುವೆ ದಾಟಿತು, ಅಲ್ಲಿ ಬೆರಳು ಒಂದು ಗಳಿಗೆ ನಿಂತು ಮುಂದೆ ಹೋಯಿತು. ನಾನು ಎಸ್ಸೆಸ್ಸೆಲ್ಸಿ ಪಾಸಾದೆ, ಅ ಆ ಇ ಈ ಕಲಿತೆ, ಹುಟ್ಟಿದೆ, ಹುಟ್ಟುವ ಮೊದಲಿನ ಪ್ರದೇಶಕ್ಕೂ ಹೋದೆ. ಬೆರಳು ನೋಯತೊಡಗಿತು. ಇನ್ನೇನು ನಿಜಾಮನ ಆಳ್ವಿಕೆಯ ಅಂಚಿಗೆ ಬಂದೆ ಎನ್ನುವಾಗ ಪರದೆ ಬೆಳ್ಳಗಾಗಿ, ‘ನಿಮ್ಮ ಸಮಯ ಮುಗಿದಿದೆ’ ಎಂದು ಬಂತು. ಇಷ್ಟು ಹಿಂದೆ ಬಂದವನಿಗೆ ಸಮಯ ಮುಗಿದಿದೆ ಎನ್ನುವುದು ಯಾವ ನ್ಯಾಯ. ಮತ್ತೆ ಚಿಗರಿ ಎಗರಿತು. ಮತ್ತೆ ಮಗಳು ಪಿಸುಗುಟ್ಟಿದಳು. ಎರಡನೆಯ ಸಲ ಶಕುಂತಲಾ ಪಕ್ಕದಲ್ಲಿ ಕೂತು, ‘ನನ್ನ ಬೆರಳ ಜ್ವಾಳದ ರೊಟ್ಟಿ ಬಡಿದು ಗಟ್ಟಿ ಆಗ್ಯಾವ, ಕೊಡ್ರಿ ಇಲ್ಲಿ’ ಎಂದು ತಾನೇ ಒತ್ತಿದಳು. ಅಪ್ಪ ಹುಟ್ಟಿದ ವರ್ಷಕ್ಕೆ ಮಗಳೇ ಸರಸರನೆ ಹೋಗಿ ಮುಟ್ಟಿದಳು. ಬೇವಿನ ಡೇರೆ ನಮ್ಮದಾಯಿತು. ಮರುದಿನ ಶಾಲೆಯಲ್ಲಿ ಬುಕಿಂಗ್ ಬಗ್ಗೆ ನಾನು ಮಾಡಿದ ಭಾಷಣದಲ್ಲಿ ಮಗಳೂ ಇರಲಿಲ್ಲ, ಹೆಂಡತಿಯೂ ಇರಲಿಲ್ಲ.

ದಸರೆ ಮುಗಿದ ಮರುದಿನ ಬೀದರಿನಿಂದ ಔರಾದ ಬಸ್ಸು ಹಿಡಿದು, ದಾರಿಯಲ್ಲಿ ಇಳಿದು, ಒಂದು ಆಟೋದಲ್ಲಿ ಕೆರೆಯ ದಂಡೆಗೆ ಹೋದೆವು. ಹುಲ್ಲು ಸೊಂಟದೆತ್ತರ ಬೆಳೆದು ಹಣ್ಣಾಗುತ್ತಿತ್ತು. ಗಾಳಿ ಬಂದಾಗ ಇಡೀ ಬಯಲು ಒಂದು ಕಡೆಗೆ ಹೊರಳಿ ಮತ್ತೆ ಏಳುತ್ತಿತ್ತು. ಮಾವನವರು ನಮಗಿಂತ ಮೊದಲೇ ಕಮಲನಗರದಿಂದ ಬಂದು, ಬೇವಿನ ಗಿಡದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ, ತೊಡೆಯ ಮೇಲೆ ಚೀಲ ಇಟ್ಟುಕೊಂಡು, ಗಾಡಿ ಬರುವುದನ್ನು ಕಾಯುವ ಪ್ರಯಾಣಿಕರಂತೆ ಕೂತಿದ್ದರು. ನಾವು ಕಾಲು ಮುಟ್ಟಿ ನಮಸ್ಕಾರ ಮಾಡಿ ಏಳುವಷ್ಟರಲ್ಲಿ ಒಂದು ಕಾರು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಇಳಿದವನು ದಿಗಂಬರ. ಹಿಂದಿನಿಂದ ದೊಡ್ಡ ಟಿಫನ್ ಕ್ಯಾರಿಯರ್ ಹಿಡಿದು ಮಂದಾಕಿನಿ. ನಾನೂ ದಿಗಂಬರನೂ ಒಬ್ಬರನ್ನೊಬ್ಬರು ನೋಡಿ, ಕಾಯ್ದೆಯಂತೆ ತಕ್ಷಣ ಮುಖ ತಿರುಗಿಸಿದೆವು. ಚಹಾದ ಹೊತ್ತಿಗೆ ಮನೆಯ ಮಾತು ಎತ್ತದವರು ನಾವು, ಹೀಗಾಗಿ ಇಬ್ಬರಿಗೂ ಸುದ್ದಿ ಇರಲಿಲ್ಲ.

ತಾಣವನ್ನು ನೋಡಿಕೊಳ್ಳುವವನು ಯೂಸುಫ್ ಎಂಬ ಸಮಾಧಾನದ ಮನುಷ್ಯ. ನಮ್ಮಿಬ್ಬರ ಫೋನುಗಳನ್ನೂ ಇಸಿದುಕೊಂಡು, ಒಂದನ್ನು ಈ ಕೈಯಲ್ಲಿ ಒಂದನ್ನು ಆ ಕೈಯಲ್ಲಿ ಹಿಡಿದು, ತೂಕ ಮಾಡುವವನಂತೆ ನಿಂತ. ‘ಸಾಬ್, ನಿಮ್ಮ ಬುಕಿಂಗ್ ಬರಾಬರ್ ಅದ. ಇವರದು ಭೀ ಬರಾಬರ್ ಅದ’ ಎಂದ.

‘ಮತ್ತ ಡೇರೆ?’ ಎಂದೆ.

‘ಡೇರೆ ಒಂದೇ ಅದರೀ. ಸಿಸ್ಟಮ್ ಎರಡು ಸಲ ಕೊಟ್ಟಂಗ ಕಾಣ್ತದ.’

ಬೇರೆ ಡೇರೆಗಳೆಲ್ಲ ಭರ್ತಿ. ಯೂಸುಫ್ ದೂರ ಹೋಗಿ ಯಾರಿಗೋ ಫೋನು ಮಾಡಿ ಬಂದು, ‘ಮ್ಯಾಲಿನವರಿಗಿ ಕೇಳ್ದೆ ಸಾಬ್. ಸರ್ವರ್ ಡೌನ್ ಅದಂತ, ನಾಳಿ ನೋಡಮು ಅಂದ್ರು’ ಎಂದ. ಆ ಮಾತನ್ನು ಈ ಬದಿಯಲ್ಲಿ ನಿಂತು ಕೇಳಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಅದು ಅಷ್ಟೇನೂ ಚೆನ್ನಾಗಿಲ್ಲ.

ಅಕ್ಕ ತಂಗಿ ಇಬ್ಬರೂ ತಮ್ಮ ತಮ್ಮ ಗಂಡಂದಿರ ಕಡೆ ತಿರುಗಿ ಒಂದೇ ಮಾತು ಹೇಳಿದರು: ‘ನಡೀರಿ, ವಾಪಸ್ ಹೋಗಮು.’ ಆಮೇಲೆ ಇಬ್ಬರೂ ಅಪ್ಪನ ಕಡೆ ನೋಡಿದರು. ಅಪ್ಪ ಕುರ್ಚಿಯಿಂದ ಏಳಲಿಲ್ಲ.

‘ನಾ ಇಬ್ಬರಿಗೂ ಫೋನ್ ಮಾಡಿದ್ದೆ’ ಎಂದರು.

‘ಯಾಕಪ್ಪಾ?’ ಎಂದಳು ಶಕುಂತಲಾ.

‘ಕಂಪ್ಯೂಟರದಾಗ ಟಿಕೀಟ ತೆಗೀಬೇಕಂತ ಹೇಳಿದ್ರು. ಈ ಅಳಿಯಂದಿರ ಮ್ಯಾಲ ನನಗ ಭರೋಸ ಇರಲಿಲ್ಲ. ಇಬ್ಬರಿಗೂ ಹೇಳಿದ್ರ ಒಬ್ಬರದಾದ್ರೂ ಆಗ್ತದ ಅಂದುಕೊಂಡೆ.’

ನಾವಿಬ್ಬರು ಅಳಿಯಂದಿರು ನೆಲ ನೋಡಿದೆವು. ಮಾವನವರು ಚೀಲ ಎತ್ತಿಕೊಂಡು ನಿಂತು, ಕಿಟಕಿಯ ಹಿಂದಿನ ಹಳೆಯ ದನಿಯಲ್ಲಿ ಹೇಳಿದರು: ‘ಇದಕ್ಕ ಆರ್‌ಎಸಿ ಅಂತಾರ. ಒಂದು ಬರ್ತು, ಇಬ್ಬರು ಮಂದಿ. ಕೂತು ಹೋಗೋದು. ಇದರಾಗ ಯಾರೂ ನಡಬರಕ ಇಳಿಯಾಂಗಿಲ್ಲ.’ ಹೇಳಿ ಡೇರೆಯೊಳಗೆ ಹೋಗಿ ನಡುವಿನ ಮಂಚದ ಮೇಲೆ ಮಲಗಿಬಿಟ್ಟರು. ಮುದುಕರನ್ನು ಬಿಟ್ಟು ಹೋಗುವಂತಿಲ್ಲ, ಎಬ್ಬಿಸಿಕೊಂಡು ಹೋಗುವಂತಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಒಳಗೆ ಬಂದೆವು.

ಆ ಮಧ್ಯಾಹ್ನ ಬೇವಿನ ಡೇರೆಯಲ್ಲಿ ಒಂದು ಗಡಿ ಏರ್ಪಟ್ಟಿತು. ಕಮಲನಗರದ ಮಕ್ಕಳಿಗೆ ಗಡಿ ಹೊಸದಲ್ಲ, ಅವರ ಊರಿನ ಆಚೆ ಸ್ವಲ್ಪ ದೂರ ಹೋದರೆ ಮಹಾರಾಷ್ಟ್ರ. ಮಾವನವರ ಮಂಚವೇ ಗಡಿಯಾಗಿ, ಈ ಕಡೆ ನಮ್ಮ ಚೀಲಗಳು, ಆ ಕಡೆ ಅವರ ಚೀಲಗಳು ಸಾಲು ಹಿಡಿದವು. ಮಾತೆಲ್ಲ ಅಪ್ಪನ ಮುಖಾಂತರ. ‘ಅಪ್ಪಾ, ಫ್ಯಾನಿನ ಮುಖ ಈ ಕಡಿನೂ ಸ್ವಲ್ಪ ತಿರುಗಸ್ಲಿ ಅಂತ ಹೇಳ್ರಿ’ ಎಂದು ಇವಳು. ‘ಅಪ್ಪಾ, ಫ್ಯಾನು ಅದರಷ್ಟಕ್ಕ ಅದೇ ತಿರುಗ್ತದ, ಕಣ್ಣಿದ್ದವರು ನೋಡ್ಲಿ ಅಂತ ಹೇಳ್ರಿ’ ಎಂದು ಅವಳು. ಅಪ್ಪ ಕಣ್ಣು ಮುಚ್ಚಿಕೊಂಡೇ ‘ಹೂಂ’ ಎನ್ನುತ್ತಿದ್ದರು. ಊಟಕ್ಕೆ ಇಬ್ಬರೂ ಡಬ್ಬಿ ಬಿಚ್ಚಿದರು. ಎರಡರಲ್ಲೂ ಎಣ್ಣೆಗಾಯಿ, ಎರಡರಲ್ಲೂ ಸಜ್ಜೆ ರೊಟ್ಟಿ, ಎರಡರಲ್ಲೂ ಅಪ್ಪನಿಗೆ ಇಷ್ಟವಾದ ಅಗಸಿ ಹಿಂಡಿ ಎಂಬ ಚಟ್ನಿಪುಡಿ. ಒಬ್ಬಳೇ ತಾಯಿಯ ಹತ್ತಿರ ಅಡಿಗೆ ಕಲಿತವರು ಜಗಳವಾಡಬಾರದು, ಡಬ್ಬಿ ಬಿಚ್ಚಿದ ಕೂಡಲೇ ಬಣ್ಣ ಬಯಲಾಗುತ್ತದೆ. ಮಾವನವರು ಎರಡೂ ಕಡೆಯಿಂದ ಸಮವಾಗಿ ಉಂಡು, ಯಾವುದು ಚೆನ್ನಾಗಿದೆ ಎಂದು ಹೇಳದೆ ಕೈ ತೊಳೆದರು.

ಸಂಜೆ ಯೂಸುಫ್ ಕೆರೆಯ ಕಡೆ ಕುರ್ಚಿ ಹಾಕಿಸಿ ಚಹಾ ತಂದ. ಬಿಸಿಲು ಇಳಿದಿತ್ತು. ನೀರಿನ ಮೇಲೆ ಬೆಳ್ಳಕ್ಕಿಗಳು ಹಾರಿ ಹೋಗುತ್ತಿದ್ದವು. ಇಂಥ ಹೊತ್ತಿನಲ್ಲಿ ಮನುಷ್ಯ ಮೈಮರೆಯುತ್ತಾನೆ, ದಿಗಂಬರನೂ ಮೈಮರೆತ. ತಟ್ಟೆಯಿಂದ ಒಂದು ಕಪ್ಪು ನನ್ನ ಕಡೆ ಬರುತ್ತಿದ್ದಂತೆ ಯೂಸುಫನ ಕೈ ಹಿಡಿದು, ‘ಅಣ್ಣಾಗ ಸಕ್ಕರಿ ಇಲ್ಲದ್ದು ಕೊಡ್ರಿ, ಹೋದ ತಿಂಗಳಿಂದ ಬಿಟ್ಟಾರ’ ಎಂದ.

ಯಾರೂ ಕಪ್ಪು ಎತ್ತಲಿಲ್ಲ.

ಮಂದಾಕಿನಿ ಗಂಡನ ಕಡೆ ತಿರುಗಿದಳು. ‘ಅವರು ಸಕ್ಕರಿ ಬಿಟ್ಟಿದ್ದು ನಿಮಗ ಹ್ಯಾಂಗ ಗೊತ್ತು?’

ದಿಗಂಬರ ಕೆರೆಯ ಕಡೆ ನೋಡಿದ. ಅವನನ್ನು ಬದುಕಿಸುವುದು ನನ್ನ ಧರ್ಮವೆಂದು ನಾನು ಬಾಯಿ ಹಾಕಿದೆ. ‘ಆ ಹೋಟೆಲ್‌ದವ ಹೇಳಿರಬೇಕು’ ಎಂದೆ.

‘ಯಾವ ಹೋಟೆಲ್?’ ಎಂದಳು ಶಕುಂತಲಾ.

ಗಣಿತ ಕಲಿಸುವವನು ನಾನು. ಒಂದು ತಪ್ಪು ಹೆಜ್ಜೆಯನ್ನು ಮುಚ್ಚಲು ಇನ್ನೊಂದು ತಪ್ಪು ಹೆಜ್ಜೆ ಇಟ್ಟರೆ ಉತ್ತರ ಎಲ್ಲಿಗೆ ಹೋಗುತ್ತದೆ ಎಂದು ಮಕ್ಕಳಿಗೆ ದಿನಾ ಹೇಳುತ್ತೇನೆ. ಬಸ್‌ಸ್ಟ್ಯಾಂಡು, ಹಿಂದಿನ ಬಾಗಿಲು, ಒಂದೊಂದು ಕಪ್ಪು, ಎಲ್ಲವೂ ಹೊರಗೆ ಬಂತು. ಕೇಳಿ ಮುಗಿಸಿದ ಶಕುಂತಲಾ ನನ್ನನ್ನು ಬಿಟ್ಟು, ಗಡಿಯನ್ನೂ ಬಿಟ್ಟು, ನೇರವಾಗಿ ತಂಗಿಯ ಮುಖ ನೋಡಿದಳು.

‘ಮಂದಾ, ನಿನಗ ಗೊತ್ತಿತ್ತೇನ?’

‘ಇಲ್ಲ ಅಕ್ಕಾ. ನಿನಗ?’

‘ನನಗೂ ಇಲ್ಲ.’

ವರ್ಷಗಳ ಮೇಲೆ ಅವರು ಆಡಿದ ಮೊದಲ ಮಾತು ಇದು. ಮಾವನವರು ಚಹಾ ಊದಿ ಊದಿ ಕುಡಿಯುತ್ತಿದ್ದರು. ಮುಂದಿನ ವಿಚಾರಣೆಯನ್ನು ಅಕ್ಕ ತಂಗಿ ಸೇರಿಯೇ ನಡೆಸಿದರು. ಏನು ಮಾತಾಡುತ್ತಿದ್ದಿರಿ ಎಂದು ಒಬ್ಬಳು ಕೇಳಿದಳು. ಮಳೆ, ತೊಗರಿ, ಮೊಣಕಾಲು ಎಂದೆವು. ನಮ್ಮ ಬಗ್ಗೆ ಏನು ಮಾತಾಡಿದಿರಿ ಎಂದು ಇನ್ನೊಬ್ಬಳು. ‘ನಿಮ್ಮ ಮಾತು ಒಮ್ಮಿನೂ ಎತ್ತಿಲ್ಲ, ದೇವರಾಣಿ’ ಎಂದ ದಿಗಂಬರ, ಅದು ನಮ್ಮ ಪರವಾದ ಸಾಕ್ಷಿ ಎಂದುಕೊಂಡು.

‘ಒಮ್ಮಿನೂ ಇಲ್ಲ?’ ಎಂದಳು ಮಂದಾಕಿನಿ. ‘ಇಷ್ಟು ದಿನ ಜೋಡಿಲೆ ಕೂತು ಚಹಾ ಕುಡಿದೀರಿ. ಹೇಣ್ತೇರು ಮಾತು ಬಿಟ್ಟಾರ, ಯಾಕ ಏನು ಅಂತ ಒಬ್ಬರಿಗೊಬ್ಬರು ಕೇಳಿಲ್ಲ? ಮೊಣಕಾಲಿನ ಮಾತು ಮುಗೀಲಿಲ್ಲೇನ?’

‘ಕೇಳಿದ್ರ ಏನ ಹೇಳ್ತಿದ್ದಿ ನೀ?’ ಎಂದಳು ಶಕುಂತಲಾ, ಮೆಲ್ಲಗೆ. ಈ ಪ್ರಶ್ನೆ ದಿಗಂಬರನಿಗಲ್ಲ, ತಂಗಿಗೆ.

ಮಂದಾಕಿನಿ ಕುರ್ಚಿಯನ್ನು ಅಕ್ಕನ ಕಡೆ ತಿರುಗಿಸಿದಳು. ‘ಆ ಸೀರಿ ನಾ ಅವ್ವಗ ಕೊಟ್ಟಿದ್ದೆ ಅಕ್ಕಾ. ದೀಪಾವಳಿಗಿ ತವರಿಗಿ ಬಂದಾಗ ಅವ್ವ ಅದರ ಮ್ಯಾಲ ಕೈ ಆಡಿಸಿ ಆಡಿಸಿ ನೋಡಿದಳು. ನಿನಗೇ ಇರ್ಲಿ ಅಂತ ಕೊಟ್ಟು ಬಂದೆ. ಅವ್ವ ಎಂದಾದ್ರೂ ಹೊಸಾದು ಉಟ್ಟಾಳೇನ. ಮಡಚಿ ಇಟ್ಟು, ಯಾರೋ ಬಂದಾಗ ಅವರ ಉಡಿಯಾಗ ಹಾಕ್ಯಾಳ.’

‘ಹೇಳಬೇಕಿತ್ತಲ್ಲ ಮತ್ತ.’

‘ನೀ ಕೇಳ್ದೇನ?’

ಇಬ್ಬರೂ ಅಪ್ಪನ ಕಡೆ ನೋಡಿದರು. ಮಾವನವರು ಖಾಲಿ ಕಪ್ಪನ್ನು ನೆಲದ ಮೇಲಿಟ್ಟು, ‘ನಿಮ್ಮವ್ವಗ ಯಾರಾದ್ರೂ ಬರಿಗೈಲೆ ಹೊಂಟ್ರ ಜೀವ ತಡೀತಿರಲಿಲ್ಲ. ನನ್ನ ಎರಡು ಹೊಸ ಧೋತರಾನೂ ಹಾಂಗೇ ಹೋದವು’ ಎಂದರು. ಆಗ ಶಕುಂತಲಾ ನಕ್ಕಳು. ನಗುತ್ತಲೇ ಅವಳ ಮುಖ ಬೇರೆಯಾಯಿತು. ಮಂದಾಕಿನಿ ಎದ್ದು ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕೂತಳು. ಅಂಗಳದ ಎರಡು ಮೂಲೆಯಲ್ಲಿ ಅತ್ತದ್ದನ್ನು ಅವರು ಆ ಸಂಜೆ ಒಂದೇ ಕಡೆ ಕೂತು ಇನ್ನೊಮ್ಮೆ ಅತ್ತರು. ನಾನೂ ದಿಗಂಬರನೂ ಎದ್ದು ಸ್ವಲ್ಪ ದೂರ ಹೋಗಿ, ಕೆರೆಯಲ್ಲಿ ನೀರು ಎಷ್ಟಿದೆ ಎಂದು ಬಹಳ ಆಸಕ್ತಿಯಿಂದ ನೋಡುತ್ತ ನಿಂತೆವು.

ಒಟ್ಟಿನಲ್ಲಿ ಅವರ ರಾಜಿಯಾದದ್ದು ಹೀಗೆ, ನಮ್ಮಿಬ್ಬರ ಮೇಲಿನ ಸಿಟ್ಟಿನ ಮೇಲೆ. ರಾತ್ರಿ ಊಟಕ್ಕೆ ಎರಡು ಡಬ್ಬಿಯ ರೊಟ್ಟಿಗಳೂ ಒಂದೇ ತಾಟಿನಲ್ಲಿ ಬಂದವು. ಡೇರೆಯೊಳಗೆ ಅಪ್ಪ ಮತ್ತು ಇಬ್ಬರು ಹೆಣ್ಣುಮಕ್ಕಳು. ನಮಗೆ ದಿಗಂಬರನ ಕಾರು. ‘ಜೋಡಿಲೆ ಇರಾಕ ನಿಮಗ ರೂಢಿ ಅದಲ್ಲ’ ಎಂದು ಹೇಳಿ ಒಂದೇ ಚಾದರ ಕೊಟ್ಟರು. ಕಾರಿನ ಸೀಟಿನ ಹಿಂದೆ ಬೀಜದ ಚೀಲಗಳಿದ್ದವು. ಮೊಣಕಾಲಿನ ಬಗ್ಗೆ ಆ ದಿನ ಇಬ್ಬರೂ ಮಾತಾಡಲಿಲ್ಲ, ಅನುಭವಿಸಿದೆವು.

ಬೆಳಗ್ಗೆ ಯೂಸುಫ್ ಬಂದು ಎಬ್ಬಿಸಿ ಹುಲ್ಲಿನ ಅಂಚಿಗೆ ಕರೆದುಕೊಂಡು ಹೋದ. ಸೂರ್ಯ ಏಳುತ್ತಿದ್ದಂತೆ ಹುಲ್ಲಿನ ಆಚೆಯಿಂದ ಚಿಗರಿಗಳ ಒಂದು ಹಿಂಡು ಸದ್ದಿಲ್ಲದೆ ಹೊರಬಂತು. ಮುಂದೆ ಸುರುಳಿ ಕೋಡಿನ ಕಪ್ಪು ಗಂಡು. ಅದು ನಿಂತು ನಮ್ಮ ಕಡೆ ನೋಡಿ, ಯಾವ ಅವಸರವೂ ಇಲ್ಲದೆ ಗಾಳಿಯಲ್ಲಿ ಎಗರಿತು. ಅದರ ಹಿಂದೆ ಉಳಿದವು. ಪುಟ ತೆರೆಯಲು ಕಾಯಿಸುವ ಚಿಗರಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಅಕ್ಕ ತಂಗಿ ಕೈ ಕೈ ಹಿಡಿದುಕೊಂಡು ನೋಡುತ್ತಿದ್ದರು. ‘ನೋಡಿದ್ರ್ಯಾ ಮಾವಾರ? ಹ್ಯಾಂಗದ?’ ಎಂದು ನಾನು ಉಬ್ಬಿಕೊಂಡು ಕೇಳಿದೆ, ಚಿಗರಿಯನ್ನೂ ನಾನೇ ಬುಕ್ ಮಾಡಿದವನಂತೆ.

‘ಛಲೋ ಅದ’ ಎಂದರು. ‘ನಮ್ಮ ಕಮಲನಗರದ ಹೊಲದಾಗೂ ಬರ್ತಾವ. ಕಡಲಿ ತಿಂದು ಹೋಗ್ತಾವ. ನಾ ವಾಕಿಂಗ್ ಹೋದಾಗ ದಿನಾ ನೋಡ್ತೇನಿ.’

ಮತ್ತೆ ಇಲ್ಲಿಗೆ ಯಾಕೆ ಬಂದಿರಿ ಎಂದು ಕೇಳಲು ಬಾಯಿ ತೆರೆದೆ. ಅವರು ಆಗಲೇ ಹೆಣ್ಣುಮಕ್ಕಳ ಹಿಂದೆ ಡೇರೆಯ ಕಡೆ ನಡೆದಿದ್ದರು. ಟಿಕೆಟ್ ಕೊಟ್ಟಾದ ಮೇಲೆ ಪ್ರಯಾಣಿಕನ ಜೊತೆ ಮಾತು ಮುಂದುವರಿಸುವ ಅಭ್ಯಾಸ ಅವರಿಗೆ ಇಲ್ಲ.

ಈಗ ಅಕ್ಕ ತಂಗಿ ದಿನಾ ಫೋನಿನಲ್ಲಿ ಮಾತಾಡುತ್ತಾರೆ. ನಡುವೆ ಬಿಟ್ಟುಹೋದ ವರ್ಷಗಳ ಬಾಕಿಯನ್ನೆಲ್ಲ ತೀರಿಸುತ್ತಿರುವಂತೆ ಕಾಣುತ್ತದೆ, ಮತ್ತು ಆ ಬಾಕಿಯಲ್ಲಿ ಹೆಚ್ಚಿನ ಪಾಲು ನಮ್ಮಿಬ್ಬರದು. ದಿಗಂಬರ ಬೆಳಗ್ಗೆ ಎದ್ದು ತಾನೇ ಹಾಲು ಕಾಯಿಸುತ್ತಾನೆಂದು ನನಗೆ ಅಡಿಗೆಮನೆಯಿಂದ ಕೇಳಿಸುತ್ತದೆ. ನಾನು ಬಟ್ಟೆ ಮಡಚುತ್ತೇನೆಂದು ಅವನಿಗೆ ಭಾಲ್ಕಿಯಲ್ಲಿ ಕೇಳಿಸುತ್ತದೆ. ಇಬ್ಬರೂ ಎರಡೂ ಕೆಲಸ ಕಲಿತಿದ್ದೇವೆ. ಹೋಟೆಲಿನ ಚಹಾ ಇನ್ನೂ ಇದೆ, ಆದರೆ ಮುಂದಿನ ಬಾಗಿಲಿಂದ. ನಾನು ಹೋಗುವಾಗ ಶಕುಂತಲಾ ಕೊಟ್ಟ ಉಪ್ಪಿನಕಾಯಿ ಒಯ್ಯುತ್ತೇನೆ, ಬರುವಾಗ ಮಂದಾಕಿನಿ ಕೊಟ್ಟ ಹಿಂಡಿ ತರುತ್ತೇನೆ. ಡಬ್ಬಿ ಬದಲಾಯಿಸಿಕೊಳ್ಳುವಷ್ಟರಲ್ಲಿ ಮನೆಯಿಂದ ಫೋನು ಬರುತ್ತದೆ, ಸಕ್ಕರೆ ಹಾಕಿಸಿಕೊಂಡಿರೇನು ಎಂದು. ಕದ್ದು ಕುಡಿದ ಚಹಾದಲ್ಲಿ ಸಕ್ಕರೆ ಇಲ್ಲದೆಯೂ ಒಂದು ರುಚಿ ಇತ್ತು.

ಹೋದ ವಾರ ಶಾಲೆಯ ಬಿಡುವಿನಲ್ಲಿ ಕಂಪ್ಯೂಟರಿನ ಮುಂದೆ ಕೂತವನಿಗೆ ಸುಮ್ಮನೆ ಆ ಪುಟ ತೆರೆಯಬೇಕೆನ್ನಿಸಿತು. ಒಂದು ದಿನ ಒಬ್ಬನೇ ಹೋಗಿ ಕೆರೆಯ ದಂಡೆಯಲ್ಲಿ ಕಾಲು ಚಾಚಿ ಕೂತು ಬಂದರೆ ಹೇಗೆ. ಹೆಸರು ಒತ್ತಿದೆ. ಒಬ್ಬರಿಗೆ ಡೇರೆ ಇಲ್ಲ, ಕನಿಷ್ಠ ಇಬ್ಬರು ಬೇಕು ಎಂದಿತು. ಬಹಳ ಹೊತ್ತು ಯೋಚಿಸಿ ದಿಗಂಬರನ ಹೆಸರು ಬರೆದೆ. ಸಂಬಂಧ ಏನು ಎಂದು ಕೇಳಿತು. ಕೊಟ್ಟ ಆಯ್ಕೆಗಳಲ್ಲಿ ಪತ್ನಿ ಇದ್ದಳು, ಮಕ್ಕಳಿದ್ದರು, ತಂದೆ ತಾಯಿ ಇದ್ದರು, ಸಾಡೂ ಇರಲಿಲ್ಲ. ಕೊನೆಯಲ್ಲಿ ‘ಇತರೆ’ ಎಂದಿತ್ತು, ಒತ್ತಿದೆ. ದಿಗಂಬರ, ಇತರೆ. ಅವನ ಮನೆಯಲ್ಲಿ ಅವನ ಈಗಿನ ಸ್ಥಾನ ಇದಕ್ಕಿಂತ ಸರಿಯಾಗಿ ಯಾರೂ ಬರೆದಿರಲಾರರು ಎನ್ನಿಸಿ, ನನ್ನ ಹೆಸರಿನ ಮುಂದೆಯೂ ಅದನ್ನೇ ಹಾಕಲು ಹೋದೆ. ಆಗಲಿಲ್ಲ. ಅಲ್ಲಿ ಯಂತ್ರ ತಾನಾಗಿಯೇ ‘ಕುಟುಂಬದ ಮುಖ್ಯಸ್ಥ’ ಎಂದು ತುಂಬಿಕೊಂಡು ಕೂತಿತ್ತು. ಅದಕ್ಕೆ ಒಳಗಿನ ಸಂಗತಿ ತಿಳಿಯದು, ಪಾಪ. ನಾನೂ ಹೆಚ್ಚು ತಿದ್ದಲು ಹೋಗಲಿಲ್ಲ. ಎಲ್ಲಾದರೂ ಒಂದು ಕಡೆ ಹಾಗೆ ಬರೆದಿರಲಿ.